ಪಾರ್ಥೆನಾನ್‌ನ ಕಲ್ಲುಗಳನ್ನು ಓದಿದ ಮನೋಲಿಸ್ ಕೊರ್ರೆಸ್

ಹಳೆಯ ಕಲ್ಲುಕಟ್ಟಡಗಳ ಸಂರಕ್ಷಣೆಗೆ ಹೊಸದಾಗಿ ಬರುವ ವಾಸ್ತುಶಿಲ್ಪಿಗಳಿಗೆ ನಾನು ಮೊದಲು ಹೇಳುವ ಹೆಸರು ಗ್ರೀಸಿನ ಮನೋಲಿಸ್ ಕೊರ್ರೆಸ್. ಅವರು 1948ರಲ್ಲಿ ಅಥೆನ್ಸಿನಲ್ಲಿ ಹುಟ್ಟಿದರು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಅಲ್ಲಿಯೇ ವಾಸ್ತುಶಿಲ್ಪದ ಇತಿಹಾಸ ಕಲಿಸಿದರು. ಆದರೆ ಅವರ ನಿಜವಾದ ಪಾಠಶಾಲೆ ಅಕ್ರೊಪೊಲಿಸ್ ಗುಡ್ಡ.

1687ರಲ್ಲಿ ವೆನಿಸ್ ಸೈನ್ಯದ ಗುಂಡು ಬಿದ್ದು, ಒಳಗಿದ್ದ ತುರ್ಕರ ಮದ್ದು ಸಿಡಿದು, ಆ ಗುಡ್ಡದ ಮೇಲಿನ ಪುರಾತನ ದೇಗುಲವಾದ ಪಾರ್ಥೆನಾನ್‌ನ ನಡುಭಾಗ ಹಾರಿಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಎಂಜಿನಿಯರ್ ನಿಕೊಲಾಸ್ ಬಾಲನೋಸ್ ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದರು. ಪುರಾತನರು ಕಲ್ಲಿಗೆ ಕಲ್ಲು ಬಿಗಿಯುವ ಕಬ್ಬಿಣದ ಕೊಂಡಿಗಳ ಸುತ್ತ ಸೀಸ ಎರೆಯುತ್ತಿದ್ದರು. ನೀರು ತಾಗದ ಕಬ್ಬಿಣ ಶತಮಾನಗಳ ಕಾಲ ಉಳಿಯುತ್ತಿತ್ತು. ಬಾಲನೋಸ್ ಸೀಸ ಬಿಟ್ಟರು. ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಅಮೃತಶಿಲೆ ಒಳಗಿನಿಂದಲೇ ಸೀಳತೊಡಗಿತು. ಅನೇಕ ಕಲ್ಲುಗಳು ತಮ್ಮದಲ್ಲದ ಜಾಗದಲ್ಲಿ ಕುಳಿತಿದ್ದವು.

ಅಕ್ರೊಪೊಲಿಸ್‌ನ ಸ್ಮಾರಕಗಳನ್ನು ಉಳಿಸಲು 1975ರಲ್ಲಿ ಸರ್ಕಾರ ಸಮಿತಿ ನೇಮಿಸಿತು. 1983ರಲ್ಲಿ ಕೊರ್ರೆಸ್, ಇತಿಹಾಸಕಾರ ಹರಾಲಂಬೋಸ್ ಬೌರಾಸ್ ಅವರೊಂದಿಗೆ ಪಾರ್ಥೆನಾನ್ ದುರಸ್ತಿಯ ಅಧ್ಯಯನವನ್ನು ಪ್ರಕಟಿಸಿದರು. ಬಾಲನೋಸ್ ಹಾಕಿದ ಕಬ್ಬಿಣ ತೆಗೆದು ತುಕ್ಕು ಹಿಡಿಯದ ಟೈಟಾನಿಯಂ ಹಾಕುವ ಕೆಲಸಕ್ಕೆ ಇಂಥ ಅಧ್ಯಯನವೇ ಬುನಾದಿ.

ಗುಡ್ಡದ ಮೇಲೆ ಚದುರಿದ ತುಂಡು ಯಾವ ಗೋಡೆಯದು ಎಂದು ತಿಳಿಯುವುದು ಹೇಗೆ? ಪಾರ್ಥೆನಾನ್‌ನ ಜಗತಿ, ಅಂದರೆ ದೇಗುಲ ನಿಂತ ಕಟ್ಟೆ, ಸಪಾಟಾಗಿಲ್ಲ. ಉದ್ದನೆಯ ಬದಿಯ ನಡುಭಾಗ ಸುಮಾರು 11 ಸೆಂಟಿಮೀಟರ್ ಉಬ್ಬಿದೆ. ಕಂಬಗಳು ಒಳಕ್ಕೆ ವಾಲಿವೆ. ಹಾಗಾಗಿ ಒಂದೇ ಥರ ಕಾಣುವ ಎರಡು ಕಲ್ಲುಗಳ ಕೋನದಲ್ಲಿಯೂ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಕೊಂಡಿ ಕೂರಿಸುವ ಗುಳಿ ಅರ್ಧ ಒಂದು ಕಲ್ಲಿನಲ್ಲಿ, ಇನ್ನರ್ಧ ಪಕ್ಕದ ಕಲ್ಲಿನಲ್ಲಿರುತ್ತದೆ. ಅಳೆದರೆ ಜೋಡಿ ಸಿಗುತ್ತದೆ. ಇದಕ್ಕೆ ಬೇಕಾದದ್ದು ತಾಳ್ಮೆ, ಕೈಯಿಂದ ಬಿಡಿಸಿದ ನಿಖರ ಚಿತ್ರ, ಮತ್ತು ಕಲ್ಲಿನ ಮೇಲೆ ನಂಬಿಕೆ. ಇವು ಮೂರೂ ಕೊರ್ರೆಸ್ ಅವರಲ್ಲಿದ್ದವು.

ಅಳತೆಯಿಂದ ಹೊಸ ಇತಿಹಾಸವೂ ಹುಟ್ಟಿತು. ಪೂರ್ವದ ಗೋಡೆಯಲ್ಲಿ ಬಾಗಿಲಿನ ಎರಡೂ ಬದಿ ಕಿಟಕಿಗಳಿದ್ದವು ಎಂದು ಅವರು ತೋರಿಸಿಕೊಟ್ಟರು. ದೇಗುಲ ಚರ್ಚಾದ ಕಾಲದಲ್ಲಿ ಆ ಭಾಗವೇ ಬದಲಾಗಿದ್ದರಿಂದ ಕಣ್ಣಿಗೆ ಕಾಣುವ ಸುಳಿವು ಉಳಿದಿರಲಿಲ್ಲ. ಉತ್ತರದ ಕಂಬಸಾಲಿನೊಳಗೆ ಪಾರ್ಥೆನಾನ್‌ಗಿಂತ ಹಳೆಯದೊಂದು ಪುಟ್ಟ ಗುಡಿಯಿತ್ತೆಂಬುದೂ ಅವರು ಗುರುತಿಸಿದ್ದೇ. ಕಟ್ಟಿದವರು ಅದನ್ನು ಕೆಡವದೆ ಒಳಗಿರಿಸಿಕೊಂಡಿದ್ದರು. ನನಗೆ ಅತ್ಯಂತ ಪ್ರಿಯವಾದ ಶೋಧ ಇದು.

ಪಾರ್ಥೆನಾನ್‌ಗೆ ಅಮೃತಶಿಲೆ ಬಂದ ಪೆಂಟೆಲಿ ಬೆಟ್ಟದ ಗಣಿಯಲ್ಲಿ ಅರ್ಧ ಕಡೆದು ಬಿಟ್ಟ ಒಂದು ಬೋದಿಗೆ, ಅಂದರೆ ಕಂಬದ ತಲೆಗಲ್ಲು, ಸಿಕ್ಕಿತ್ತು. ಅದು ಈಗಿನ ಪಾರ್ಥೆನಾನ್‌ಗೂ ಮುಂಚಿನ, ಪರ್ಷಿಯನ್ನರು ಕ್ರಿಸ್ತಪೂರ್ವ 480ರಲ್ಲಿ ನಾಶ ಮಾಡಿದ ದೇಗುಲಕ್ಕೆಂದು ತೆಗೆದ ಕಲ್ಲು. ಬಂಡೆಯಿಂದ ಕಲ್ಲು ಬಿಡಿಸುವುದರಿಂದ ಅದು ಬೆಟ್ಟ ಇಳಿದು ಅಕ್ರೊಪೊಲಿಸ್ ಸೇರುವವರೆಗಿನ ದಾರಿಯನ್ನು ಕೊರ್ರೆಸ್ ಸಾಲು ಚಿತ್ರಗಳಲ್ಲಿ ಬಿಡಿಸಿ ಒಂದು ಪುಸ್ತಕವನ್ನೇ ಮಾಡಿದರು. ನಮ್ಮ ದೇಗುಲಗಳಲ್ಲಿ ಉಳಿಗುರುತು ದಾಖಲಿಸಲು ಹೊರಡುವ ಮುನ್ನ ಕಿರಿಯರು ಆ ಚಿತ್ರಗಳನ್ನು ಒಮ್ಮೆ ನೋಡಲಿ.