ನೀಲಿ ಚಿಂದಿಯ ಹಿಂದೆ ಬಿದ್ದು

"ಸರ್, ಬ್ಯಾರಲ್ ಹೋಯ್ತು ಅನ್ಸುತ್ತೆ. ಹೊಸದು ಹಾಕಿಸ್ಬೇಕಾ?"

ರೈಫಲ್ ಚೀಲವನ್ನು ಬೆಂಚಿನ ಮೇಲೆ ಇಡುವ ಮೊದಲೇ ಈ ಪ್ರಶ್ನೆ ಬರುತ್ತದೆ. ಮೊದಲು ನೂರು ಮೀಟರಿನಲ್ಲಿ ಐದು ಗುಂಡೂ ಒಂದು ನಾಣ್ಯದಗಲಕ್ಕೆ ಕೂರುತ್ತಿದ್ದವಂತೆ, ಈಗ ಅಂಗೈಯಗಲ ಚೆದುರುತ್ತಿವೆಯಂತೆ. ನಾನು ಮ್ಯಾಗಜೀನ್, ನಳಿಕೆಯ ಹಿಂಭಾಗ ಮುಚ್ಚುವ ಬೋಲ್ಟ್ ತೆಗೆದು ಪಕ್ಕಕ್ಕಿಡುತ್ತೇನೆ. ಕಾಡತೂಸು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡುತ್ತೇನೆ. ಆಮೇಲೆ ಕೈಗೆ ತೆಗೆದುಕೊಳ್ಳುವುದು ಬ್ರಷ್ ಅಲ್ಲ, ಸ್ಕ್ರೂಡ್ರೈವರ್.

ಭುಜಕ್ಕೆ ಒತ್ತಿ ಹಿಡಿಯುವ ಸ್ಟಾಕಿಗೆ, ಬೋಲ್ಟ್ ಓಡಾಡುವ ಆಕ್ಷನ್ ಬಿಗಿದಿರುವ ಸ್ಕ್ರೂ ಒಂದಿಷ್ಟು ಸಡಿಲವಾದರೂ ಗುಂಡು ಚೆದುರುತ್ತದೆ. ಸ್ಕೋಪಿನ ರಿಂಗ್ ಅಲುಗಾಡಿದರೂ ಅಷ್ಟೇ. ಕಾಡತೂಸಿನ ಲಾಟ್ ಬದಲಾಗಿದ್ದರೂ ಅಷ್ಟೇ. ಇದ್ಯಾವುದನ್ನೂ ನೋಡದೆ ಬ್ಯಾರಲ್ ಉಜ್ಜುತ್ತಾ ಕೂತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಇವೆಲ್ಲ ಸರಿ ಇವೆ ಅಂತ ಗೊತ್ತಾದ ಮೇಲೆ ನಳಿಕೆಯೊಳಗೆ ಟಾರ್ಚ್ ಬಿಡೋಣ.

ಒಳಗಿರುವ ಕೊಳೆ ಒಂದಲ್ಲ, ಎರಡು. ಮದ್ದು ಉರಿದು ಉಳಿದ ಮಸಿ ಒಂದು. ಗುಂಡಿನ ಮೇಲಿನ ತಾಮ್ರದ ಕವಚ ನಳಿಕೆಯೊಳಗೆ ಕೊರೆದಿರುವ ಸುರುಳಿ ಗೆರೆಗಳಿಗೆ ಉಜ್ಜಿ ಬಿಟ್ಟುಹೋದ ತಾಮ್ರ ಇನ್ನೊಂದು. (ಕವಚ ಅಪ್ಪಟ ತಾಮ್ರವಲ್ಲ, ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟು ಸತು ಸೇರಿರುತ್ತದೆ.) ಪ್ರತಿ ಹೊಡೆತಕ್ಕೂ ತಾಮ್ರದ ಮೇಲೆ ಮಸಿ, ಮಸಿಯ ಮೇಲೆ ತಾಮ್ರ ಕೂರುತ್ತಾ ಹೋಗುತ್ತದೆ. ವರ್ಷವರ್ಷ ಸುಣ್ಣದ ಮೇಲೆ ಸುಣ್ಣ ಬಳಿದ ಗೋಡೆಯ ಹಾಗೆ. ಎಲ್ಲ ಕಡೆ ಒಂದೇ ಸಮ ಕೂತಿದ್ದರೆ ಅಷ್ಟೇನೂ ತೊಂದರೆ ಇರಲಿಲ್ಲ. ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಮುಂದೆ ಬರುವ ಗುಂಡಿನ ಮೈ ಅಲ್ಲಲ್ಲಿ ಕೆರೆದುಹೋಗುತ್ತದೆ, ಅದರ ತೂಕದ ಸಮತೋಲ ತಪ್ಪುತ್ತದೆ.

ಮಸಿ ಕರಗಿಸುವ ದ್ರಾವಣ ತಾಮ್ರವನ್ನು ಅಷ್ಟಾಗಿ ಮುಟ್ಟುವುದಿಲ್ಲ. ತಾಮ್ರ ಕರಗಿಸುವ ದ್ರಾವಣ ಮಸಿಯ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಒಂದಾದ ಮೇಲೆ ಒಂದು, ಸರದಿಯಲ್ಲಿ ಹಾಕಬೇಕು. ಕೆಲಸ ಜಲ್ದಿ ಮುಗೀಲಿ ಅಂತ ಎರಡನ್ನೂ ಬೆರೆಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ನನ್ನ ಬೆಂಚಿಗೆ ಬರುವ ಬ್ಯಾರಲ್‌ಗಳಲ್ಲಿ ಕೊಳೆಯಿಂದ ಹಾಳಾದವು ಕಡಿಮೆ. ಸ್ವಚ್ಛ ಮಾಡಲು ಹೋಗಿ ಹಾಳಾದವೇ ಜಾಸ್ತಿ. ಒಂದರ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನ ಒಂದು ಪಕ್ಕದಲ್ಲಿ, ಗಡಿಯಾರದ ಏಳು ಗಂಟೆಯ ಜಾಗದಲ್ಲಿ, ಉಗುರಿನ ತುದಿಯಷ್ಟು ಸವೆದು ಹೊಳೆಯುತ್ತಿತ್ತು. ಅದರ ಮಾಲೀಕರು ಸ್ವಚ್ಛ ಮಾಡುವ ರಾಡ್ ಅನ್ನು ಯಾವಾಗಲೂ ಬಾಯಿಯ ಕಡೆಯಿಂದಲೇ ತೂರಿಸುತ್ತಿದ್ದರು, ಒಂದೇ ಕೋನದಲ್ಲಿ. ಗುಂಡು ಬ್ಯಾರಲ್ ಬಿಡುವ ಕೊನೆಯ ಕ್ಷಣದಲ್ಲಿ ಮುಟ್ಟುವುದು ಆ ಅಂಚನ್ನೇ ಅಲ್ವಾ? ಅಲ್ಲಿ ಸವೆದಿದ್ದರೆ ಗ್ಯಾಸ್ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡಿನ ಬಾಲವನ್ನು ತಳ್ಳುತ್ತದೆ. ಎಷ್ಟು ಉಜ್ಜಿದರೂ ಅದು ಸರಿಹೋಗುವುದಿಲ್ಲ, ಲೇತಿಗೆ ಹಾಕಿ ಅಂಚನ್ನು ಹೊಸದಾಗಿ ಕಡೆಯಬೇಕು.

ಆದ್ದರಿಂದ ರಾಡ್ ಹಿಂದಿನಿಂದ, ಚೇಂಬರಿನ ಕಡೆಯಿಂದ ಹೋಗಲಿ. ಬೋಲ್ಟಿನ ಜಾಗದಲ್ಲಿ ಒಂದು ಬೋರ್ ಗೈಡ್ (ರಾಡಿಗೆ ದಾರಿ ತೋರಿಸುವ ಕೊಳವೆ) ಕೂರಿಸಿ, ಆಗ ರಾಡ್ ನೇರವಾಗಿ ಹೋಗುತ್ತದೆ. ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ರಾಡ್ ಬಾಗುತ್ತದೆ, ಜೋಡಣೆಯ ಅಂಚು ಒಳಗೆ ಕೆರೆಯುತ್ತದೆ. ಒಂದೇ ತುಂಡಿನ ರಾಡ್ ಇರಲಿ, ಹಿಡಿ ತಾನಾಗಿ ತಿರುಗುವಂಥದ್ದಾಗಿರಲಿ. ಹಿಂದಿನಿಂದ ತೂರಿಸಲು ಆಗದ ರೈಫಲ್‌ಗಳಿಗೆ ಹಗ್ಗದಂತೆ ಎಳೆಯುವ ಪುಲ್-ಥ್ರೂ ಸಾಕು.

ಮೊದಲು ಮಸಿಯ ದ್ರಾವಣದಲ್ಲಿ ನೆನೆಸಿದ ಬಟ್ಟೆ ಚಿಂದಿ ಎರಡು ಮೂರು. ಕಪ್ಪಗೆ ಬರುತ್ತವೆ. ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಕಂಚಿನ ಬ್ರಷ್. ಬ್ರಷ್ ಬಾಯಿಯಿಂದ ಪೂರ್ತಿ ಹೊರಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು. ನಡುವಿನಲ್ಲಿ ತಿರುಗಿಸಲು ಹೋದರೆ ಎಳೆಗಳು ಮಡಚಿ ಸಿಕ್ಕಿಕೊಳ್ಳುತ್ತವೆ. ಒಣ ಚಿಂದಿಯಲ್ಲಿ ಒರೆಸಿ, ತಾಮ್ರದ ದ್ರಾವಣ ಹಾಕಿ. ಅಮೋನಿಯಾ ಇರುವಂಥದ್ದಾದರೆ ಮೂಗಿಗೆ ಹೊಡೆಯುತ್ತದೆ, ಕಿಟಕಿ ತೆರೆದು ಕೈಗವಸು ಹಾಕಿಕೊಳ್ಳಿ. ಬಾಟಲಿಯ ಮೇಲೆ ಬರೆದ ಸಮಯಕ್ಕಿಂತ ಜಾಸ್ತಿ ಬಿಡಬೇಡಿ. ರಾತ್ರಿಯೆಲ್ಲ ಬಿಟ್ಟರೆ ಕೆಲವು ದ್ರಾವಣಗಳು ಉಕ್ಕನ್ನೇ ತಿನ್ನುತ್ತವೆ. ಚಿಂದಿ ನೀಲಿಯಾಗಿ ಬಂದರೆ ತಾಮ್ರ ಕರಗಿದೆ ಅಂತ ಅರ್ಥ.

ಈ ನೀಲಿಯೇ ನನ್ನನ್ನು ಒಮ್ಮೆ ಚೆನ್ನಾಗಿ ಆಟ ಆಡಿಸಿತು. ಕೆಲಸ ಕಲಿಯುತ್ತಿದ್ದ ದಿನಗಳು. ಎರಡು ಸಂಜೆ ಒಂದೇ ಬ್ಯಾರಲ್ ಉಜ್ಜಿದೆ. ಎಷ್ಟು ಚಿಂದಿ ಹಾಕಿದರೂ ನೀಲಿ. ಕೊನೆಗೆ ನನ್ನ ಗುರುಗಳು ಬಂದು ರಾಡಿನ ತುದಿಯಲ್ಲಿ ಚಿಂದಿ ಹಿಡಿಯುವ ಜ್ಯಾಗನ್ನು ಬಿಚ್ಚಿ, ಅದಕ್ಕೆ ಒಂದು ಹನಿ ದ್ರಾವಣ ಹಾಕಿ ಚಿಂದಿ ಸುತ್ತಿ ಕೈಗಿಟ್ಟರು. ಐದು ನಿಮಿಷಕ್ಕೆ ಅದೂ ನೀಲಿ! ಜ್ಯಾಗ್ ಹಿತ್ತಾಳೆಯದು, ಹಿತ್ತಾಳೆಯಲ್ಲಿ ತಾಮ್ರ ಇದೆ. ಬ್ಯಾರಲ್ ಯಾವಾಗಲೋ ಶುದ್ಧವಾಗಿತ್ತು, ನಾನು ಕರಗಿಸುತ್ತಿದ್ದದ್ದು ಜ್ಯಾಗನ್ನು. ಆವತ್ತಿನಿಂದ ತಾಮ್ರದ ಕೆಲಸಕ್ಕೆ ನೈಲಾನ್ ಬ್ರಷ್, ನಿಕ್ಕಲ್ ಲೇಪದ ಜ್ಯಾಗ್.

ಪಾಯಿಂಟ್ ಟೂ ಟೂ ರೈಫಲ್‌ಗಳ ಕಥೆ ಬೇರೆ. ಅಲ್ಲಿ ಹೆಚ್ಚಾಗಿ ಮೇಣ ಸವರಿದ ಸೀಸದ ಗುಂಡು, ತಾಮ್ರದ ಗೊಡವೆ ಇಲ್ಲ. ಆದರೆ ಚೇಂಬರ್ ಮುಗಿಯುವ ಜಾಗದಲ್ಲಿ ಮಸಿ ಉಂಗುರದಂತೆ ಗಟ್ಟಿಯಾಗುತ್ತದೆ. ಐವತ್ತು ಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತ ಇರುವುದೇ 10.4 ಮಿಲಿಮೀಟರ್, ಆ ಉಂಗುರ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅದನ್ನು ತೆಗೆದರೆ ಸಾಕು, ಉಳಿದದ್ದನ್ನು ಮಿತವಾಗಿ ಒರೆಸಿ.

ಹಳೆಯ ಮಿಲಿಟರಿ ಕಾಡತೂಸು ಹೊಡೆದಿದ್ದರೆ ಇನ್ನೊಂದು ಎಚ್ಚರ. ಅವುಗಳ ಪ್ರೈಮರಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಭಾಗದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುವುದುಂಟು, ಅದು ಉರಿದು ಉಳಿಯುವುದು ಉಪ್ಪು. ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬಿಸಿನೀರು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಎಲ್ಲಿಗೆ ನಿಲ್ಲಿಸಬೇಕು? ಚಿಂದಿ ಹಾಲಿನಷ್ಟು ಬೆಳ್ಳಗೆ ಬರಬೇಕಾಗಿಲ್ಲ. ನೀಲಿ ತೀರಾ ತಿಳಿಯಾದಾಗ ನಾನು ಕೈ ತೊಳೆದುಕೊಳ್ಳುತ್ತೇನೆ. ಹೊಡೆಯುವ ಮುಂಚೆ ಒಣ ಚಿಂದಿ ಹಾಕಿ ಎಣ್ಣೆಯನ್ನೆಲ್ಲ ತೆಗೆಯಬೇಕು. ಎಣ್ಣೆ ಉಳಿದರೆ ಗುಂಡು ದಿಕ್ಕು ತಪ್ಪುವುದಷ್ಟೇ ಅಲ್ಲ, ಒಳಗಿನ ಒತ್ತಡವೂ ಏರಬಹುದು. ತೊಳೆದ ಬ್ಯಾರಲ್‌ನ ಮೊದಲ ಕೆಲವು ಗುಂಡು ಬೇರೆಲ್ಲೋ ಬೀಳುತ್ತವೆ, ಗಾಬರಿ ಬೇಡ. ಅವನ್ನು ಬಿಟ್ಟು ಮುಂದಿನ ಐದನ್ನು ಅಳೆಯಿರಿ. ಎಷ್ಟು ಹೊಡೆತದ ನಂತರ ಗುಂಪು ಹರಡಲು ಶುರುವಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೊಂದು ಬ್ಯಾರಲ್‌ಗೂ ಆ ಸಂಖ್ಯೆ ಬೇರೆ. ಅದಕ್ಕೆ ಸ್ವಲ್ಪ ಮೊದಲು ತೊಳೆದರೆ ಆಯಿತು.

ಇಷ್ಟೆಲ್ಲ ಮಾಡಿಯೂ ಚೆದುರುತ್ತಿದ್ದರೆ ನಳಿಕೆಯೊಳಗೆ ಇಣುಕಿ ನೋಡುವ ಬೋರ್‌ಸ್ಕೋಪ್ ಇಳಿಸುತ್ತೇನೆ. ಚೇಂಬರಿನ ಮುಂದೆ, ಗೆರೆಗಳು ಶುರುವಾಗುವ ಜಾಗದಲ್ಲಿ, ಬೇಸಿಗೆಯ ಕೆರೆಯಂಗಳದ ಹಾಗೆ ಉಕ್ಕು ಬಿರುಕು ಬಿಟ್ಟಿದ್ದು, ಗೆರೆಗಳೇ ಸವೆದುಹೋಗಿದ್ದರೆ ಅದು ಬೆಂಕಿ ತಿಂದ ಗುರುತು. ಆಗ ಮಾತ್ರ ಹೇಳುತ್ತೇನೆ, "ಹೌದು, ಹೊಸದು ಹಾಕಿಸಿ."