ಬೆಂಗಳೂರು ಬಿಟ್ಟು ಮೈಸೂರಿಗೆ ಬಂದುಬಿಡೋಣ್ವಾ?

ಪ್ರಶ್ನೆ: ನಮಗೆ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಬೆಂಗಳೂರಿನ ಮಹದೇವಪುರದಲ್ಲಿ ಬಾಡಿಗೆ ಮನೆ. ಯಜಮಾನರು ಈಗ ವಾರಕ್ಕೆ ಎರಡು ದಿನ ಅಲ್ಲೇ ಹತ್ತಿರದ ಆಫೀಸಿಗೆ ಹೋದರೆ ಸಾಕು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು ಎರಡು ವರ್ಷವಾಯಿತು, ಮತ್ತೆ ಸೇರಬೇಕು ಅಂದುಕೊಂಡಿದ್ದೇನೆ. ಅತ್ತೆ, ಮಾವ ಹುಣಸೂರಿನ ಹತ್ತಿರದ ಹಳ್ಳಿಯಲ್ಲಿದ್ದಾರೆ. ಮೈಸೂರು ಬೆಳೆಯುತ್ತಿದೆ, ಬಾಡಿಗೆ ಕಡಿಮೆ, ಮಕ್ಕಳಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಬಂದುಬಿಡೋಣ್ವಾ?

ಉತ್ತರ: ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ನಾನೂ ಎರಡೂವರೆ ವರ್ಷದ ಮಗನನ್ನು ಎತ್ತಿಕೊಂಡು ಇದೇ ದಾರಿಯಲ್ಲಿ ಬಂದವಳು. ಅವನು ಈಗ ಎರಡನೇ ಕ್ಲಾಸು. ವಾಪಸ್ ಹೋಗುವ ಮನಸ್ಸು ನಮಗಿಲ್ಲ. ಆದರೂ ನಿಮಗೆ ಕಣ್ಣುಮುಚ್ಚಿ ಬನ್ನಿ ಅನ್ನುವುದಿಲ್ಲ.

ನಿಮ್ಮ ಪ್ರಶ್ನೆಯನ್ನೇ ಇನ್ನೊಂದು ಸಲ ಓದಿ ನೋಡಿ. ಯಜಮಾನರ ಕೆಲಸ ಎಷ್ಟು ದಿನ, ಎಲ್ಲಿ ಅನ್ನುವುದೆಲ್ಲ ಅದರಲ್ಲಿ ಸ್ಪಷ್ಟವಾಗಿದೆ. ನಿಮ್ಮ ಕೆಲಸದ ಜಾಗದಲ್ಲಿ ಮಾತ್ರ ‘ಅಂದುಕೊಂಡಿದ್ದೇನೆ’ ಅಂತ ಇದೆ. ಮೈಸೂರಿಗೆ ಬಂದರೆ ವಾರಕ್ಕೆ ಎರಡು ದಿನ ಅವರು ಬೆಂಗಳೂರಿನಲ್ಲಿರುತ್ತಾರೆ, ಏಳೂ ದಿನ ಈ ಊರಲ್ಲಿ ಇರುವವರು ನೀವು. ಹಾಗಾಗಿ ನನ್ನ ಉತ್ತರ ಇಷ್ಟು: ಬನ್ನಿ, ಆದರೆ ನಿಮ್ಮ ಕೆಲಸಕ್ಕೊಂದು ದಾರಿ ಕಂಡ ಮೇಲೆ ಬನ್ನಿ. ಅವರ ‘ಎರಡು ದಿನ ಸಾಕು’ ಅನ್ನುವುದೊಂದನ್ನೇ ನಂಬಿ ಮನೆ ಕೀಳಬೇಡಿ. ಅದು ಕಂಪನಿಯ ಒಂದು ಮೇಲ್‌ನಲ್ಲಿ ಮೂರು ದಿನ ಆಗಬಹುದು, ಐದೂ ಆಗಬಹುದು.

ಆ ಎರಡು ದಿನ ಹೇಗಿರುತ್ತವೆ ಅಂತ ಮೊದಲು ಹೇಳುತ್ತೇನೆ. ಓಡಾಡುವವರ ರೈಲು ಅಂದರೆ ಚಾಮುಂಡಿ ಎಕ್ಸ್‌ಪ್ರೆಸ್. ಬೆಳಗ್ಗೆ ಏಳಕ್ಕೆ ಮೊದಲೇ ಮೈಸೂರು ಬಿಡುತ್ತದೆ. ನಮ್ಮನೆಯಲ್ಲಿ ಆ ದಿನ ಐದಕ್ಕೇ ಕುಕ್ಕರ್ ಕೂಗುತ್ತಿತ್ತು. ಮಗು ಏಳಬಾರದು ಅಂತ ಇವರು ಶೂ ಕೈಯಲ್ಲಿ ಹಿಡಿದು ಬಾಗಿಲ ಹೊರಗೆ ಹೋಗಿ ಹಾಕಿಕೊಳ್ಳುತ್ತಿದ್ದರು. ರೈಲಿಗೆ ಎರಡೂವರೆ ಗಂಟೆ ಬೇಕು. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ನಿಮ್ಮ ಮಹದೇವಪುರದ ಕಡೆಗೆ ಇನ್ನೊಂದು ಮುಕ್ಕಾಲು ಗಂಟೆ. 2023ರ ಅಕ್ಟೋಬರ್‌ನಲ್ಲಿ ಆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು. ಅದಕ್ಕೆ ಮುಂಚೆ ಈ ತುಂಡು ದಾರಿಯೇ ಜೀವ ಹಿಂಡುತ್ತಿತ್ತು. ಸಂಜೆ ಆರು ದಾಟಿದ ಮೇಲೆ ಅದೇ ರೈಲು ಬೆಂಗಳೂರು ಬಿಡುತ್ತದೆ. ಅದನ್ನು ಹಿಡಿಯಬೇಕಾದರೆ ಐದಕ್ಕೇ ಆಫೀಸಿನಿಂದ ಏಳಬೇಕು. ಮನೆ ಸೇರುವಾಗ ಒಂಬತ್ತೂವರೆ. ಲೆಕ್ಕ ಹಾಕಿ, ಹದಿನೈದು ಗಂಟೆಗಿಂತ ಜಾಸ್ತಿ. ಅಪ್ಪ ಹೋಗುವಾಗಲೂ ಮಕ್ಕಳು ಮಲಗಿರುತ್ತಾರೆ, ಬರುವಾಗಲೂ ಮಲಗಿರುತ್ತಾರೆ.

ಕಾರು ಇದೆಯಲ್ಲ, ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಅನ್ನಬಹುದು. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆಯಾದಾಗ ‘ಬೆಂಗಳೂರಿನಿಂದ ಮೈಸೂರಿಗೆ 75 ನಿಮಿಷ’ ಅನ್ನುವ ಮಾತು ಎಲ್ಲರ ಬಾಯಲ್ಲಿತ್ತು. ಆ ಲೆಕ್ಕದಲ್ಲಿರುವ ಬೆಂಗಳೂರು ಕೆಂಗೇರಿ ಕಡೆಯ ಅಂಚು. ಅಲ್ಲಿಂದ ಮಹದೇವಪುರಕ್ಕೆ ಊರನ್ನು ಆ ತುದಿಯಿಂದ ಈ ತುದಿಗೆ ದಾಟಬೇಕು. ಬೆಳಗಿನ ಟ್ರಾಫಿಕ್‌ನಲ್ಲಿ ಅದು ಎಷ್ಟು ಹೊತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಟೋಲ್, ಪೆಟ್ರೋಲು ಬೇರೆ. ಬೈಕ್‌ನಲ್ಲಿ ಹೋಗುತ್ತೇನೆ ಅನ್ನುವ ಹಾಗೂ ಇಲ್ಲ. 2023ರ ಆಗಸ್ಟ್‌ನಿಂದ ಆ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ, ಆಟೊ ಬಿಡುವುದಿಲ್ಲ.

ನಮಗೆ ಹೊಂದಿಕೆಯಾದದ್ದು ಹೀಗೆ. ಆಫೀಸಿನ ಎರಡು ದಿನವನ್ನು ಬೆನ್ನುಬೆನ್ನಿಗೆ ಇಟ್ಟುಕೊಂಡು, ಮಧ್ಯದ ಒಂದು ರಾತ್ರಿ ಬೆಂಗಳೂರಿನಲ್ಲೇ ಉಳಿಯುವುದು. ಒಂದು ಸಲ ಹೋಗಿ ಒಂದು ಸಲ ಬಂದರೆ ಮೈಮೇಲೆ ಅಷ್ಟು ಬೀಳುವುದಿಲ್ಲ. ಆದರೆ ಆ ಒಂದು ರಾತ್ರಿ ಮನೆಯಲ್ಲಿ ನೀವು ಒಬ್ಬರೇ, ಇಬ್ಬರು ಮಕ್ಕಳ ಜೊತೆ.

ನಾವು ಬಂದ ಎರಡನೇ ತಿಂಗಳು ಅಂಥದ್ದೇ ಒಂದು ರಾತ್ರಿ ಮಗನಿಗೆ ಜ್ವರ ಏರಿತು. ಹನ್ನೊಂದು ಗಂಟೆ. ಫೋನಿನಲ್ಲಿ ಕ್ಯಾಬ್ ಹುಡುಕಿದರೆ ಚಕ್ರ ಸುಮ್ನೆ ತಿರುಗುತ್ತಲೇ ಇತ್ತು. ಮಗುವಿಗೆ ನನ್ನ ಶಾಲು ಸುತ್ತಿ ಕೆಳಗಿಳಿದು ಓನರ್ ಮನೆ ಬಾಗಿಲು ತಟ್ಟಿದೆ. ಅಷ್ಟು ದಿನ ಅವರ ಜೊತೆ ನೀರಿನ ಮೋಟರ್ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಆ ಅಮ್ಮ ಒಂದು ಮಾತೂ ಕೇಳದೆ ಮಗನನ್ನು ಎಬ್ಬಿಸಿ ಕಾರು ತೆಗೆಸಿದರು. ಮೊದಲು ಹೋದ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಬೆಳಗ್ಗೆ ಬರುತ್ತಾರೆ ಅಂದರು. ಎರಡನೆಯದರಲ್ಲಿ ನೋಡಿದರು. ಮಗು ಎರಡು ದಿನಕ್ಕೆ ಆಟವಾಡಲು ಶುರುಮಾಡಿತು, ನನಗೆ ಮಾತ್ರ ವಾರಗಟ್ಟಲೆ ಸರಿಯಾಗಿ ನಿದ್ದೆ ಬರಲಿಲ್ಲ. ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಕೆ.ಆರ್. ಆಸ್ಪತ್ರೆ, ಹೆಂಗಸರು ಮಕ್ಕಳಿಗೆ ಚೆಲುವಾಂಬ, ಜೆಎಸ್‌ಎಸ್, ಜಯದೇವದ ಶಾಖೆ ಎಲ್ಲ ಇವೆ. ಆದರೆ ರಾತ್ರಿ ಹನ್ನೊಂದಕ್ಕೆ ಮಕ್ಕಳ ಡಾಕ್ಟರು ಎಲ್ಲಿ ಸಿಗುತ್ತಾರೆ ಅಂತ ಗೊತ್ತಿರುವುದೇ ಬೇರೆ. ಮನೆ ನೋಡಲು ಬಂದ ದಿನವೇ ಅದನ್ನು ವಿಚಾರಿಸಿ.

ಈಗ ನಿಮ್ಮ ಕೆಲಸ. ಮೈಸೂರಿನ ಹೆಬ್ಬಾಳದಲ್ಲಿ 300 ಎಕರೆಗೂ ದೊಡ್ಡದಾದ ಇನ್ಫೋಸಿಸ್ ಕ್ಯಾಂಪಸ್ ನೋಡಿ ಇಲ್ಲಿ ಐಟಿ ಕೆಲಸ ಬೇಕಾದಷ್ಟಿದೆ ಅಂದುಕೊಳ್ಳುವುದು ಸಹಜ. ಅದರಲ್ಲಿ ಬಹಳ ಭಾಗ ಹೊಸಬರಿಗೆ ತರಬೇತಿ ಕೊಡುವ ಜಾಗ. ಬೇರೆ ಕಂಪನಿಗಳೂ ಇವೆ, ಬರುತ್ತಲೂ ಇವೆ. ಆದರೆ ಬೆಂಗಳೂರಿನಲ್ಲಿ ಒಂದು ಕೆಲಸ ಸರಿಹೋಗದಿದ್ದರೆ ಪಕ್ಕದ ಬಿಲ್ಡಿಂಗ್‌ನಲ್ಲಿ ಇನ್ನೊಂದಿರುತ್ತದೆ. ಇಲ್ಲಿ ಆ ‘ಇನ್ನೊಂದು’ ಕಡಿಮೆ. ಸಂಬಳವೂ ಅಷ್ಟಿರುವುದಿಲ್ಲ. ಎರಡು ವರ್ಷ ಬಿಡುವು ತೆಗೆದುಕೊಂಡು ವಾಪಸ್ ಬರುವವರಿಗೆ ಆಯ್ಕೆ ಜಾಸ್ತಿ ಇರುವ ಊರೇ ಅನುಕೂಲ. ಅದಕ್ಕೇ ನನ್ನ ಸಲಹೆ: ಬೆಂಗಳೂರಿನಲ್ಲಿರುವಾಗಲೇ ಕೆಲಸಕ್ಕೆ ಸೇರಿ. ಆರು ತಿಂಗಳು ಮಾಡಿ. ಮನೆಯಿಂದಲೇ ಮಾಡಬಹುದು ಅನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ, ಇಲ್ಲವೇ ಮೈಸೂರಿನಲ್ಲಿರುವ ಕಂಪನಿಯಿಂದ ಆಫರ್ ಕೈಗೆ ಬರಲಿ. ಆಮೇಲೆ ಲಾರಿ ಕರೆಸಿ. ‘ಮೊದಲು ಹೋಗಿ ಸೆಟ್ಲ್ ಆಗೋಣ, ನಿನ್ನ ಕೆಲಸ ಆಮೇಲೆ ನೋಡೋಣ’ ಅಂತ ಬಂದ ಹೆಣ್ಣುಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅವರ ಆ ‘ಆಮೇಲೆ’ ಇನ್ನೂ ಬಂದಿಲ್ಲ. ಡೇಕೇರ್ ಬಗ್ಗೆಯೂ ಒಂದು ಮಾತು. ನಾನು ಕೇಳಿದ ಕಡೆಯೆಲ್ಲ ಸಂಜೆ ಆರೂವರೆ ಮೇಲೆ ಇಟ್ಟುಕೊಳ್ಳುವುದಿಲ್ಲ ಅಂದರು. ನಿಮ್ಮ ಮೀಟಿಂಗ್ ಏಳಕ್ಕೆ ಮುಗಿಯುವುದಾದರೆ ಮಗುವನ್ನು ಕರೆತರುವವರು ಯಾರು?

ಅತ್ತೆ, ಮಾವ ಇದ್ದಾರಲ್ಲ ಅನ್ನುತ್ತೀರಿ. ಹುಣಸೂರಿನಿಂದ ಮೈಸೂರಿಗೆ 45 ಕಿಲೋಮೀಟರು, ನಿಜ. ಆದರೆ ಹತ್ತಿರ ಇರುವುದು ಬೇರೆ, ಕೈಗೆ ಸಿಗುವುದು ಬೇರೆ. ಆ ಕಡೆ ಬಹಳ ಮನೆಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಮುರಿದು ಬ್ಯಾರನ್ ಅನ್ನುವ ಗೂಡಿನಲ್ಲಿ ಬೇಯಿಸುವ ಕಾಲ ಬಂದರೆ ರಾತ್ರಿಯೂ ಬೆಂಕಿ ನೋಡಿಕೊಂಡು ಕೂರಬೇಕು, ಮನೆಯಿಂದ ಒಬ್ಬರೂ ಅಲ್ಲಾಡುವ ಹಾಗಿಲ್ಲ. ನಿಮ್ಮ ಮನೆಯವರದ್ದು ಬೇರೆ ಬೆಳೆ ಇರಬಹುದು, ದನಕರು ಇರಬಹುದು. ‘ಅತ್ತೆ, ವಾರಕ್ಕೆ ಎರಡು ದಿನ ನಮ್ಮಲ್ಲಿ ಬಂದು ಇರೋಕಾಗುತ್ತಾ?’ ಅಂತ ಬಾಯಿಬಿಟ್ಟು ಕೇಳಿ. ಈ ಮಾತನ್ನು ಮಗನ ಕೈಲಿ ಕೇಳಿಸಿದರೆ ‘ಬರ್ತೀವಿ ಬಿಡಪ್ಪ’ ಅಂದುಬಿಡುತ್ತಾರೆ. ನೀವೇ ಕೂತು ಕೇಳಿದರೆ ನಿಜ ಗೊತ್ತಾಗುತ್ತದೆ.

ಮನೆ ಎಲ್ಲಿ ಹಿಡಿಯಬೇಕು ಅನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. 1890ರ ದಶಕದ ಕೊನೆಯಲ್ಲಿ ಈ ಊರಿಗೆ ಪ್ಲೇಗ್ ಬಡಿಯಿತು. ಅದಾದ ಮೇಲೆ 1903ರಲ್ಲಿ ಊರನ್ನು ಅಚ್ಚುಕಟ್ಟು ಮಾಡಲೆಂದೇ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಕಟ್ಟಿದರು. ಹಳೇ ಬಡಾವಣೆಗಳ ಅಗಲ ರಸ್ತೆ, ಮೂಲೆಗೊಂದು ಪಾರ್ಕು ಆ ಪರಂಪರೆಯದ್ದು. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರ ನೋಡಿದವರಿಗೆ ಮೈಸೂರು ಅಂದರೆ ಇದೇ ಅನಿಸುತ್ತದೆ. ಆದರೆ ಹೊಸದಾಗಿ ಬರುವವರಿಗೆ ಕಡಿಮೆ ಬಾಡಿಗೆಯ ದೊಡ್ಡ ಮನೆ ಸಿಗುವುದು ರಿಂಗ್ ರೋಡಿನ ಆಚೆ, ಖಾಸಗಿಯವರು ಮಾಡಿದ ಬಡಾವಣೆಗಳಲ್ಲಿ. ಅಲ್ಲಿ ಎಷ್ಟೋ ಬಡಾವಣೆಗಳು ವರ್ಷಗಳಾದರೂ ಪಾಲಿಕೆಗೆ ಹಸ್ತಾಂತರವಾಗದೆ ಉಳಿದವು. ಬೀದಿದೀಪ ಕೆಟ್ಟರೆ, ಯುಜಿಡಿ (ಒಳಚರಂಡಿ) ಕಟ್ಟಿಕೊಂಡರೆ ಯಾರಿಗೆ ಹೇಳಬೇಕು ಅನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ.

ಕೆಆರ್‌ಎಸ್ ಪಕ್ಕದಲ್ಲೇ ಇದೆ, ಇನ್ನೊಂದು ಕಡೆ ಕಬಿನಿ ಇದೆ, ಮೈಸೂರಿಗೆ ನೀರಿನ ಕಷ್ಟವೇ ಅಂತ ನಾವೂ ಅಂದುಕೊಂಡಿದ್ದೆವು. ನಮ್ಮ ಮೊದಲ ಮನೆ ಅಂಥ ಹೊಸ ಬಡಾವಣೆಯಲ್ಲಿತ್ತು. ನಲ್ಲಿಯಲ್ಲಿ ಬರುತ್ತಿದ್ದದ್ದು ಬೋರ್‌ವೆಲ್ ನೀರು. ತಿಂಗಳೊಳಗೆ ಕೆಟಲ್ ಒಳಗೆ ಬಿಳಿ ಪೊರೆ ಕಟ್ಟಿತು, ಗೀಸರ್ ಕಾಯಿಲ್ ಹೋಯಿತು, ಮಗನ ಕೆನ್ನೆ ಒರಟಾಯಿತು. ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದೆವು. ಬಾಡಿಗೆಯಲ್ಲಿ ಉಳಿದದ್ದು ಟ್ಯಾಂಕರಿಗೂ, ‘ಊರಿಂದ ದೂರ’ ಅಂತ ತೆಗೆದುಕೊಂಡ ಎರಡನೇ ಗಾಡಿಗೂ ಸರಿಹೋಯಿತು. ವರ್ಷ ತುಂಬುವ ಮುಂಚೆಯೇ ಒಂದು ರೂಮು ಕಡಿಮೆ ಇರುವ ಹಳೇ ಬಡಾವಣೆಯ ಮನೆಗೆ ಬಂದೆವು. ಆ ರೂಮಿಲ್ಲ ಅನ್ನುವುದು ಒಂದು ದಿನವೂ ನೆನಪಾಗಲಿಲ್ಲ. ಹಾಗಾಗಿ ಮನೆ ನೋಡುವಾಗ ಟೈಲ್ಸ್, ಮಾಡ್ಯುಲರ್ ಕಿಚನ್ ಆಮೇಲೆ. ಕಾವೇರಿ ನೀರು ಬರುತ್ತಾ, ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ದೊಡ್ಡದು ಅಂತ ಮೊದಲು ಕೇಳಿ. ಓನರ್ ಒಬ್ಬರನ್ನೇ ಅಲ್ಲ, ಪಕ್ಕದ ಮನೆಯವರನ್ನೂ ಕೇಳಿ.

ಭೋಗ್ಯಕ್ಕೆ ಮನೆ ಇದೆ ಅಂತಲೂ ಬ್ರೋಕರ್‌ಗಳು ಹೇಳುತ್ತಾರೆ. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ ಅನ್ನುವುದು ಕೇಳೋಕೆ ಚೆಂದ. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಓನರ್ ಕಟ್ಟದೆ ಹೋದರೆ ನಿಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಿ, ಕರಾರು ರಿಜಿಸ್ಟರ್ ಮಾಡಿಸಿ. ಅದಕ್ಕೆ ಓನರ್ ಒಪ್ಪದಿದ್ದರೆ ಬೇಡ. ಸೈಟು ತೆಗೆದುಕೊಳ್ಳಿ ಅನ್ನುವವರಂತೂ ನೀವು ಬಂದ ವಾರವೇ ಸಿಗುತ್ತಾರೆ. ಮೊದಲ ವರ್ಷ ಸೈಟಿನ ಮಾತೇ ಬೇಡ. ಊರು ನಿಮಗೆ ಒಗ್ಗಿತೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಬೇಕು.

ಶಾಲೆಯ ವಿಷಯದಲ್ಲಿ ನಿಮಗೆ ಚಿಂತೆ ಬೇಡ. ನಾಲ್ಕು ವರ್ಷಕ್ಕೆ ಊರು ಬದಲಾದರೆ ಮಗು ಬೇಗ ಹೊಂದಿಕೊಳ್ಳುತ್ತದೆ. ಒಂಬತ್ತು, ಹತ್ತಕ್ಕೆ ಬದಲಾದರೆ ಸ್ನೇಹಿತರನ್ನು ಬಿಟ್ಟು ಬಂದ ನೋವು ದೊಡ್ಡದಿರುತ್ತದೆ. ಬರುವುದಾದರೆ ಮಗಳು ಒಂದನೇ ಕ್ಲಾಸಿಗೆ ಸೇರುವ ಮುಂಚೆ ಬನ್ನಿ. ಹಾಗಂದರೆ ನಿಮ್ಮ ಕೈಯಲ್ಲಿ ಇನ್ನೂ ಒಂದೂವರೆ, ಎರಡು ವರ್ಷ ಇದೆ. ನಾನು ಹೇಳಿದ ಆರು ತಿಂಗಳ ಕೆಲಸ ಅದರಲ್ಲಿ ಆರಾಮಾಗಿ ಹಿಡಿಯುತ್ತದೆ.

ಇಷ್ಟೆಲ್ಲ ಹೇಳಿ ಹೆದರಿಸಿದೆನೇನೋ. ಯಾಕೆ ಉಳಿದೆವು ಅಂತಲೂ ಹೇಳುತ್ತೇನೆ. ನಮ್ಮ ಮಗ ಶಾಲೆಗೆ ಹೋಗುವುದು ಸ್ಕೂಟರ್‌ನಲ್ಲಿ ಎಂಟು ನಿಮಿಷ. ವಾರದಲ್ಲಿ ಐದು ರಾತ್ರಿ ನಾವು ಮೂರೂ ಜನ ಕೂತು ಒಟ್ಟಿಗೆ ಊಟ ಮಾಡುತ್ತೇವೆ. ಬೆಂಗಳೂರಿನಲ್ಲಿ ಭಾನುವಾರ ಮಾತ್ರ ಅದು ಆಗುತ್ತಿತ್ತು. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದರೆ ಹೆಜ್ಜಾರ್ಲೆಗಳು ಮರದ ತುದಿಯಲ್ಲಿ ಕೂತಿರುತ್ತವೆ. ಅವನು ಎಣಿಸುತ್ತಾನೆ, ಹದಿನೇಳರ ಹತ್ತಿರ ಬಂದಾಗ ಒಂದು ಹಾರಿಹೋಗುತ್ತದೆ, ಮತ್ತೆ ಒಂದರಿಂದ ಶುರು. ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳಕ್ಕೆ ಹೋಗಿ ಬಣ್ಣ ಬಳಿದುಕೊಂಡೇ ಮನೆಗೆ ಬರುತ್ತಾನೆ. ಇದೆಲ್ಲ ನನಗೆ ಹಿತವಾಗಿ ಕಾಣುವುದಕ್ಕೆ ಒಂದು ಕಾರಣವಿದೆ. ಬಂದ ಎಂಟನೇ ತಿಂಗಳು ನನಗೆ ಇಲ್ಲೇ ಕೆಲಸ ಸಿಕ್ಕಿತು. ಅದಕ್ಕೂ ಮುಂಚೆ ಇದೇ ಕೆರೆ ಏರಿ ಮೇಲೆ ಮಗನನ್ನು ಕರೆದುಕೊಂಡು ನಡೆಯುವಾಗ, ಎಲ್ಲರೂ ಎಲ್ಲಿಗೋ ಹೋಗುತ್ತಿದ್ದಾರೆ, ನಾನೊಬ್ಬಳೇ ನಿಂತಿದ್ದೇನೆ ಅನಿಸುತ್ತಿತ್ತು.

ತೀರ್ಮಾನ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಬೇಸಿಗೆಯಲ್ಲಿ, ನೀರು ಕಡಿಮೆ ಇರುವಾಗಲೇ, ಎರಡು ವಾರಕ್ಕೆ ಇಲ್ಲಿ ಒಂದು ಮನೆ ಹಿಡಿದು ಬನ್ನಿ. ಅರಮನೆ, ಝೂ ಅಂತ ತಿರುಗಬೇಡಿ. ಯಜಮಾನರು ಎರಡು ದಿನ ಆಫೀಸಿಗೆ ಹೋಗಿ ಬರಲಿ. ಮಧ್ಯದ ಆ ರಾತ್ರಿ ನೀವು ಇಬ್ಬರು ಮಕ್ಕಳ ಜೊತೆ ಇರಿ. ಅವರು ವಾಪಸ್ ಬಂದ ಮಾರನೇ ಬೆಳಗ್ಗೆ ಮಕ್ಕಳನ್ನು ಅವರಿಗೇ ಬಿಟ್ಟು, ನೀವು ಲ್ಯಾಪ್‌ಟಾಪ್ ತೆಗೆದುಕೊಂಡು ಒಂದು ರೂಮಿನ ಬಾಗಿಲು ಹಾಕಿಕೊಂಡು ಎಂಟು ಗಂಟೆ ಕೂತು ನೋಡಿ. ಎರಡನೇ ವಾರದ ಕೊನೆಗೆ ಮತ್ತೆ ನನಗೆ ಬರೆಯಿರಿ.