ಹಳೆಯ ಲಿವರ್ ಆಕ್ಷನ್ ರೈಫಲ್‌ಗೆ ಹೊಸ ಕಪ್ಪು ಬೇಕೆ?

ಪ್ರಶ್ನೆ: ಟ್ರಿಗರ್‌ನ ಕೆಳಗಿನ ಲಿವರ್ ಅನ್ನು ತೆರೆದು ಮುಚ್ಚಿ ತೋಟಾ ತುಂಬುವ ವಿಂಚೆಸ್ಟರ್ 94 ಮಾದರಿಯ, ಹಲವರ ಕೈ ದಾಟಿ ಬಂದ ಹಳೆಯ ರೈಫಲ್ ಒಂದನ್ನು ಕೊಂಡಿದ್ದೇನೆ. ರಿಸೀವರ್‌ನ, ಅಂದರೆ ಯಂತ್ರಭಾಗವನ್ನು ಹೊತ್ತ ಉಕ್ಕಿನ ಚೌಕಟ್ಟಿನ, ಕಪ್ಪು ಸವೆದು ಬೂದುಬಣ್ಣಕ್ಕೆ ತಿರುಗಿದೆ, ನಳಿಗೆಯ ಮೇಲೆ ತುಕ್ಕಿನ ಚುಕ್ಕೆಗಳಿವೆ, ಮರದ ಹಿಂಭಾಗ ಜಿಡ್ಡುಗಟ್ಟಿ ಕಪ್ಪಾಗಿದೆ. ಎಲ್ಲವನ್ನೂ ಉಜ್ಜಿಸಿ ಹೊಸದಾಗಿ ಬ್ಲೂಯಿಂಗ್, ಅಂದರೆ ಉಕ್ಕಿಗೆ ರಾಸಾಯನಿಕವಾಗಿ ಕಪ್ಪು ಬರಿಸುವ ಕೆಲಸ, ಮಾಡಿಸಲೇ, ಇದ್ದ ಹಾಗೆಯೇ ಬಿಡಲೇ?

ಉತ್ತರ: ಬ್ಲೂಯಿಂಗ್ ಬೇಡ, ಆದರೆ ಇದ್ದ ಹಾಗೆ ಬಿಡುವುದೂ ಬೇಡ. ತುಕ್ಕನ್ನು ನಿಲ್ಲಿಸಿ, ಜಿಡ್ಡನ್ನು ತೆಗೆದು, ಒಳಗಿನ ಕೆಲಸ ಸರಿಯಾಗಿದೆಯೇ ಎಂದು ನೋಡಿಕೊಂಡು, ಆಮೇಲೆ ಅದನ್ನು ಬಳಸಿ. ಹಳೆಯ ರೈಫಲ್‌ನ ವಿಷಯದಲ್ಲಿ ಮಾಡಿದ್ದನ್ನು ಮತ್ತೆ ಹಿಂದಕ್ಕೆ ತರಲು ಸಾಧ್ಯವಿರುವ ಕೆಲಸಗಳನ್ನು ಧೈರ್ಯವಾಗಿ ಮಾಡಬಹುದು. ಹಿಂದಕ್ಕೆ ತರಲಾಗದ ಕೆಲಸಗಳಿಗೆ, ಅಂದರೆ ಉಜ್ಜುವುದು, ಕೊರೆಯುವುದು, ಕತ್ತರಿಸುವುದು ಇವಕ್ಕೆ, ಬಲವಾದ ಕಾರಣ ಬೇಕು.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಕಾಲದ್ದು ಎಂಬುದು ತಿಳಿಯಬೇಕು. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಈ ಮಾದರಿ 1894ರಲ್ಲಿ ಬಂದು, 70 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ, 2006ರಲ್ಲಿ ನ್ಯೂ ಹೇವನ್‌ನ ಕಾರ್ಖಾನೆ ಮುಚ್ಚುವವರೆಗೂ ನಡೆಯಿತು. ಇದರ ನಡುವೆ 1964 ಒಂದು ಗಡಿ. ಆ ವರ್ಷ ಖರ್ಚು ತಗ್ಗಿಸಲು ತಯಾರಿಕೆಯ ಕ್ರಮವನ್ನೇ ಬದಲಿಸಲಾಯಿತು, ಅದಕ್ಕೆ ಮುಂಚಿನ ರೈಫಲ್‌ಗಳಿಗೆ ಸಂಗ್ರಾಹಕರು ಇಂದಿಗೂ ಹೆಚ್ಚು ಬೆಲೆ ಕೊಡುತ್ತಾರೆ. ಅದರ ನಂತರ ಹಲವು ವರ್ಷಗಳವರೆಗೆ ಬಂದ ರಿಸೀವರ್‌ಗಳ ಲೋಹ ಬೇರೆಯಾದ್ದರಿಂದ ಸಾಮಾನ್ಯ ಬ್ಲೂಯಿಂಗ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಉಜ್ಜಿ ಬಿಸಿ ಲವಣದ ತೊಟ್ಟಿಯಲ್ಲಿ ಅದ್ದಿದವರಿಗೆ ಕಪ್ಪಿನ ಬದಲು ನೇರಳೆಯೋ ಮಚ್ಚೆಮಚ್ಚೆಯೋ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ. ಇನ್ನು ರೈಫಲ್ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾಗಿದ್ದರೆ ಅಮೆರಿಕದ ಕೇಂದ್ರ ಕಾನೂನು ಅದನ್ನು ಪುರಾತನ ವಸ್ತುವೆಂದೇ ಎಣಿಸುತ್ತದೆ. ಅಂಥದ್ದನ್ನು ಉಜ್ಜುವ ಯೋಚನೆಯನ್ನೇ ಬಿಟ್ಟುಬಿಡಿ. ಯಾವ ಕಾಲದ್ದೇ ಆಗಲಿ, ಕ್ರಮಸಂಖ್ಯೆ ಇರುವ ಜಾಗಕ್ಕೆ ಉಜ್ಜುವ ಸಾಧನ ಯಾವುದೂ ತಾಗಬಾರದು. ಅದನ್ನು ಅಳಿಸುವುದು ಅಪರಾಧ.

ನಳಿಗೆಯ ಮೇಲಿನ ಬರಹವನ್ನೂ ಓದಿಕೊಳ್ಳಿ. ಈ ಮಾದರಿಯಲ್ಲಿ .30-30 ಎಂಬ ತೋಟಾ ಬಹಳ ಸಾಮಾನ್ಯ, ಆದರೆ .32 ವಿಂಚೆಸ್ಟರ್ ಸ್ಪೆಷಲ್‌ಗೂ ಬಹಳಷ್ಟು ತಯಾರಾಗಿವೆ. ಎರಡೂ ತೋಟಾಗಳು ನೋಡಲು ಒಂದೇ ತರಹ ಇವೆ, ಒಂದರ ಬದಲು ಇನ್ನೊಂದನ್ನು ಹಾಕುವುದು ಅಪಾಯಕರ. ಮಾರಿದವರ ಮಾತನ್ನು ಇಲ್ಲಿ ನೆಚ್ಚಬೇಡಿ, ಉಕ್ಕಿನ ಮೇಲೆ ಏನು ಕೆತ್ತಿದೆಯೋ ಅದನ್ನು ನೆಚ್ಚಿ.

ಕೆಲಸಕ್ಕೆ ಕೂರುವ ಮುನ್ನ ಲಿವರ್ ಅನ್ನು ಹಲವು ಬಾರಿ ಪೂರ್ತಿ ತೆರೆದು ಮುಚ್ಚಿ, ಚೇಂಬರ್‌ನೊಳಗೆ, ಅಂದರೆ ತೋಟಾ ಕೂರುವ ನಳಿಗೆಯ ಹಿಂತುದಿಯೊಳಗೆ, ಬೆರಳು ಹಾಕಿ ನೋಡಿ, ನಳಿಗೆಯ ಕೆಳಗಿನ ಕೊಳವೆಯ ತುದಿಯಲ್ಲಿ ತೋಟಾವನ್ನು ತಳ್ಳುವ ಫಾಲೋವರ್ ಕಣ್ಣಿಗೆ ಬೀಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯ ಕೊಳವೆಗಳಲ್ಲಿ ಸ್ಪ್ರಿಂಗ್ ಜಿಡ್ಡಿನಲ್ಲಿ ಸಿಕ್ಕಿಕೊಂಡು ಒಂದು ತೋಟಾ ಒಳಗೇ ಉಳಿದಿರುವುದುಂಟು. ಖಾಲಿಯೆಂದು ಖಚಿತವಾದ ಮೇಲೆ ಎರಡು ಪರೀಕ್ಷೆಗಳು: ಲಿವರ್ ಪೂರ್ತಿ ಒತ್ತಿ ಹಿಡಿಯದಿದ್ದಾಗ ಟ್ರಿಗರ್ ಎಳೆದರೂ ಹ್ಯಾಮರ್, ಅಂದರೆ ತೋಟಾ ಹೊತ್ತಿಸಲು ಬಡಿಯುವ ಸುತ್ತಿಗೆ, ಬೀಳಬಾರದು, ಹ್ಯಾಮರ್ ಅರ್ಧ ಎಳೆದ ಸ್ಥಾನದಲ್ಲಿದ್ದಾಗಲೂ ಬೀಳಬಾರದು. ಎರಡರಲ್ಲಿ ಒಂದು ತಪ್ಪಿದರೂ ಬಂದೂಕು ರಿಪೇರಿಯವರ ಬಳಿಗೆ ಒಯ್ಯಿರಿ. ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್‌ಗೂ ಚೇಂಬರ್‌ಗೂ ನಡುವಿನ ಅಂತರವನ್ನು, ಅಂದರೆ ಹೆಡ್‌ಸ್ಪೇಸನ್ನು, ಗೇಜ್ ಹಾಕಿ ಅವರಿಂದಲೇ ಅಳೆಸುವುದು ಒಳ್ಳೆಯದು.

ಈಗ ಲೋಹಕ್ಕೆ ಬರೋಣ. ನಿಮ್ಮ ರಿಸೀವರ್‌ನಲ್ಲಿ ಬೂದುಬಣ್ಣ ಎಲ್ಲಿದೆ ಎಂದು ಬೆಳಕಿಗೆ ಹಿಡಿದು ನೋಡಿ. ಬಹುತೇಕ ಅದು ತಳಭಾಗದಲ್ಲಿ, ಲಿವರ್‌ನ ಸ್ವಲ್ಪ ಮುಂದೆ ಇರುತ್ತದೆ; ಈ ರೈಫಲ್‌ನ ತೂಕ ಸಮನಾಗುವ ಜಾಗ ಅದೇ ಆದ್ದರಿಂದ ಹೊರುವವರ ಅಂಗೈ ಸದಾ ಅಲ್ಲೇ ಕೂರುತ್ತದೆ. ಕುದುರೆಯ ಜೀನಿನ ಪಕ್ಕದ ತೊಗಲಿನ ಚೀಲದಲ್ಲಿ ಓಡಾಡಿದ್ದರೆ ನಳಿಗೆಯ ಪಕ್ಕಗಳು ಸವೆದಿರುತ್ತವೆ. ಈ ಸವೆತ ಉಕ್ಕಿಗೆ ಹಾನಿಯಲ್ಲ, ಬ್ಲೂಯಿಂಗ್‌ನ ಪದರ ಬಹಳ ತೆಳುವಾದ್ದರಿಂದ ಅದು ಹೋಗಿದೆ ಅಷ್ಟೆ. ಕೆಂಪು ತುಕ್ಕಿನ ಕಥೆ ಬೇರೆ. ಅದು ತೇವವನ್ನು ಹಿಡಿದಿಟ್ಟುಕೊಂಡು ಒಳಕ್ಕೆ ಕೊರೆಯುತ್ತ ಹೋಗುವುದರಿಂದ ಅದನ್ನು ನಿಲ್ಲಿಸಲೇಬೇಕು.

ನಿಲ್ಲಿಸಲು ತೆಳು ಎಣ್ಣೆ, ಅತಿ ನಯವಾದ 0000 ದರ್ಜೆಯ ಸ್ಟೀಲ್ ವುಲ್ ಮತ್ತು ತಾಳ್ಮೆ ಸಾಕು. ತುಕ್ಕಿನ ಮೇಲೆ ಎಣ್ಣೆ ಸವರಿ ಒಂದು ರಾತ್ರಿ ಬಿಡಿ, ಮರುದಿನ ಎಣ್ಣೆಯಲ್ಲಿ ತೊಯ್ದ ಸ್ಟೀಲ್ ವುಲ್‌ನಿಂದ ಭಾರ ಹಾಕದೆ ಸುತ್ತುಸುತ್ತಾಗಿ ಉಜ್ಜಿ, ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಇಟ್ಟಿಗೆಯ ಬಣ್ಣ ಬರುತ್ತಿರುವಷ್ಟು ಹೊತ್ತು ತುಕ್ಕು ಹೋಗುತ್ತಿದೆ. ಕಪ್ಪು ಬರತೊಡಗಿದರೆ ಉಳಿದಿರುವ ಬ್ಲೂಯಿಂಗ್ ಹೋಗುತ್ತಿರಬಹುದು, ಅಲ್ಲಿಗೆ ಕೈ ನಿಲ್ಲಿಸಿ. ಒಣ ಸ್ಟೀಲ್ ವುಲ್ ಎಂದಿಗೂ ಬೇಡ. ತುಕ್ಕು ಎಲ್ಲೆಡೆ ತೆಳುವಾಗಿ ಹರಡಿದ್ದರೆ ಕೆಲವರು ಭಾಗಗಳನ್ನು ಬಿಚ್ಚಿ, ಜಿಡ್ಡು ತೆಗೆದು, ಶುದ್ಧ ನೀರಿನಲ್ಲಿ ಕುದಿಸುತ್ತಾರೆ. ಕುದಿಯುವ ನೀರಿನಲ್ಲಿ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ, ಅಂದರೆ ಮ್ಯಾಗ್ನೆಟೈಟ್ ಆಗಿ, ಬದಲಾಗುತ್ತದೆ. ಸಡಿಲವಾಗಿ ನಿಂತ ಕರಿಯನ್ನು ಒರೆಸಿದರೆ ಕೆಳಗೆ ಗಟ್ಟಿಯಾದ ಕಪ್ಪು ಉಳಿಯುತ್ತದೆ. ಹಳೆಯ ಕಾಲದ ನಿಧಾನ ಬ್ಲೂಯಿಂಗ್‌ನ ರಸಾಯನವೂ ಇದೇ ಆದ್ದರಿಂದ, ಹೀಗೆ ಬಂದ ಬಣ್ಣ ಹಳೆಯ ಉಕ್ಕಿನ ಮೇಲೆ ಹೊರಗಿನದೆಂದು ಕಾಣಿಸುವುದಿಲ್ಲ.

ಪೂರ್ತಿ ಬ್ಲೂಯಿಂಗ್‌ಗೆ ನನ್ನ ವಿರೋಧವಿರುವುದು ಬಣ್ಣದ ಕಾರಣಕ್ಕಲ್ಲ, ಅದಕ್ಕೂ ಮುಂಚೆ ನಡೆಯುವ ಪಾಲಿಶ್‌ನ ಕಾರಣಕ್ಕೆ. ತುಕ್ಕಿನ ಗುಳಿ ಮಾಯವಾಗಬೇಕಾದರೆ ಸುತ್ತಲಿನ ಉಕ್ಕನ್ನು ಗುಳಿಯ ತಳದ ಮಟ್ಟಕ್ಕೆ ಇಳಿಸಬೇಕು. ತಿರುಗುವ ಚಕ್ರಕ್ಕೆ ಹಿಡಿದಾಗ ರಿಸೀವರ್‌ನ ಚೂಪು ಅಂಚುಗಳು ದುಂಡಗಾಗುತ್ತವೆ, ಕೆತ್ತಿದ ಅಕ್ಷರಗಳು ಮಸುಕಾಗುತ್ತವೆ, ಸ್ಕ್ರೂ ರಂಧ್ರಗಳ ಬಾಯಿ ತಟ್ಟೆಯಂತೆ ತಗ್ಗಾಗುತ್ತದೆ. ಹೊಳೆಯುವ ಕಪ್ಪಿನ ಕೆಳಗೆ ಇಂಥ ಮೆತ್ತಗಿನ ಗೆರೆಗಳನ್ನು ನೋಡಿದೊಡನೆ ಅನುಭವವಿದ್ದವರಿಗೆ ವಿಷಯ ಗೊತ್ತಾಗುತ್ತದೆ, ಬೆಲೆಯೂ ಇಳಿಯುತ್ತದೆ. ಹಾಗೆಂದು ಇದು ಎಲ್ಲರಿಗೂ ಹೇಳುವ ಮಾತಲ್ಲ. ಹಿಂದೆಯೇ ಯಾರೋ ಕೆಟ್ಟದಾಗಿ ಉಜ್ಜಿರುವ, ಕಂಡಕಂಡಲ್ಲಿ ರಂಧ್ರ ಕೊರೆದಿರುವ ರೈಫಲ್‌ಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಅದಕ್ಕೆ ಕೈಯಿಂದಲೇ ಪಾಲಿಶ್ ಮಾಡುವ ನುರಿತವರಿಂದ ನಿಧಾನ ಬ್ಲೂಯಿಂಗ್ ಮಾಡಿಸಿದರೆ ನಾನೂ ಮೆಚ್ಚುತ್ತೇನೆ. ಶೀಶೆಯಲ್ಲಿ ಬರುವ ತಣ್ಣನೆಯ ಬ್ಲೂಯಿಂಗ್ ಒಂದು ಸ್ಕ್ರೂವಿನ ತಲೆಗೆ ಸರಿ, ಇಡೀ ರಿಸೀವರ್‌ಗೆ ಅಲ್ಲ.

ಸ್ಕ್ರೂಗಳ ಮಾತು ಬಂದಿದ್ದರಿಂದ ಹೇಳುತ್ತೇನೆ: ಮನೆಯಲ್ಲಿರುವ ಸಾಮಾನ್ಯ ಸ್ಕ್ರೂಡ್ರೈವರ್‌ನ ತುದಿ ಇಳಿಜಾರಾಗಿರುವುದರಿಂದ ಸೀಳಿನಿಂದ ಜಾರಿ ಮೇಲೆದ್ದು, ಸ್ಕ್ರೂವನ್ನೂ ಪಕ್ಕದ ರಿಸೀವರ್ ಅನ್ನೂ ಗೀರುತ್ತದೆ. ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವ, ಪಕ್ಕಗಳು ಸಮಾನಾಂತರವಾಗಿರುವ ಬಂದೂಕಿನ ಸ್ಕ್ರೂಡ್ರೈವರ್ ಜೋಡಿಯನ್ನು ಬೇರೆಲ್ಲಕ್ಕಿಂತ ಮೊದಲು ಕೊಳ್ಳಿ.

ಮರದ ಕಪ್ಪು ಹೆಚ್ಚಾಗಿ ಕೊಳೆಯಲ್ಲ, ಎಣ್ಣೆ. ದಶಕಗಳ ಕಾಲ ಲೋಹಕ್ಕೆ ಧಾರಾಳವಾಗಿ ಎಣ್ಣೆ ಹಾಕಿ, ನಳಿಗೆಯನ್ನು ಮೇಲೆ ಮಾಡಿ ಮೂಲೆಯಲ್ಲಿ ನಿಲ್ಲಿಸಿದಾಗ ಅದು ಇಳಿಯುತ್ತ ಬಂದು ರಿಸೀವರ್‌ನ ಹಿಂದಿನ ಅಕ್ರೋಟು ಮರದಲ್ಲಿ ಇಂಗುತ್ತದೆ. ಆ ಮರ ಮೆತ್ತಗಾದ ಮೇಲೆ, ಹಾರಿಸಿದಾಗಿನ ಒದೆತಕ್ಕೆ ಟ್ಯಾಂಗ್ ಎಂಬ ಉಕ್ಕಿನ ನಾಲಿಗೆ ಮರವನ್ನು ಸೀಳತೊಡಗುತ್ತದೆ. ಆದ್ದರಿಂದ ಟ್ಯಾಂಗ್‌ನ ಹಿಂಬದಿಯಲ್ಲಿ ಕೂದಲಿನಷ್ಟು ತೆಳುವಾದ ಬಿರುಕಿದೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕಿ. ಎಣ್ಣೆ ಎಳೆಯಲು ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮೆತ್ತಬೇಕು. ಅಸಿಟೋನ್ ಆರುತ್ತಿದ್ದಂತೆ ಎಣ್ಣೆ ಮೇಲೆದ್ದು ಬಿಳಿಯ ಪುಡಿ ಕಂದಾಗುತ್ತದೆ, ಅದನ್ನು ಬ್ರಷ್‌ನಿಂದ ಕೊಡವಿ ಮತ್ತೆ ಮೆತ್ತಬೇಕು. ಈ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಆಗಬೇಕು. ತಗ್ಗುಗಳ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿದರೆ ಹಬೆಗೆ ಅಮುಕಿದ ನಾರು ಉಬ್ಬಿ ಮೇಲೇಳುತ್ತದೆ. ನಾರು ಕಡಿದುಹೋಗಿದ್ದರೆ ಏಳುವುದಿಲ್ಲ, ಆ ಗಾಯವನ್ನು ಹಾಗೆಯೇ ಬಿಡಿ.

ಮರಳುಕಾಗದ ಮಾತ್ರ ಮುಟ್ಟಬೇಡಿ. ಕಾರ್ಖಾನೆಯಿಂದ ಬಂದಾಗ ಮರ ಲೋಹಕ್ಕಿಂತ ಒಂದೆಳೆ ಎತ್ತರದಲ್ಲಿರುತ್ತದೆ. ಉಜ್ಜಿದರೆ ಅದು ಲೋಹಕ್ಕಿಂತ ಕೆಳಗಿಳಿದು, ಹೊಂದಿಕೆಯೇ ಹಾಳಾಗುತ್ತದೆ. ಕೊನೆಗೆ ಕುದಿಸಿದ ಅಗಸೆ ಎಣ್ಣೆಯನ್ನು ಬೆರಳ ತುದಿಯಿಂದ ತೆಳುವಾಗಿ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ, ಒಣಗಿದ ಮೇಲೆ ಮತ್ತೊಮ್ಮೆ ತಿಕ್ಕಿದರೆ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಲ್ಲಿ ಹರಡಿ ಒಣಗಿಸಿ.

ನಳಿಗೆಯ ಒಳಭಾಗವನ್ನು 94ರಲ್ಲಿ ಬಾಯಿಯ ಕಡೆಯಿಂದಲೇ ಶುಚಿಮಾಡಬೇಕಾಗುತ್ತದೆ. ಸರಳು ಬಾಯಿಯ ಅಂಚನ್ನು ಉಜ್ಜಿದರೆ ಗುರಿ ಕೆಡುವುದರಿಂದ ಹಿತ್ತಾಳೆಯ ಗಾರ್ಡ್ ಇಟ್ಟುಕೊಂಡೇ ಸರಳು ಇಳಿಸಿ. 1948ರಲ್ಲಿ ಬಂದ ಇನ್ನೊಂದು ಲಿವರ್ ಆಕ್ಷನ್ ರೈಫಲ್ ಮಾರ್ಲಿನ್ 336 ಇದ್ದವರಿಗೆ ಈ ತೊಂದರೆಯಿಲ್ಲ: ಒಂದು ಸ್ಕ್ರೂ ತೆಗೆದರೆ ಲಿವರ್ ಬರುತ್ತದೆ, ಬೋಲ್ಟ್ ಹಿಂದಕ್ಕೆ ಜಾರಿ ಬರುತ್ತದೆ, ಹಿಂಬದಿಯಿಂದ ಶುಚಿಮಾಡಬಹುದು. ರೈಫ್ಲಿಂಗ್, ಅಂದರೆ ನಳಿಗೆಯೊಳಗಿನ ಸುರುಳಿ ಗೆರೆಗಳು, ಕಪ್ಪಾಗಿ ಕಂಡರೆ ನಿರಾಶರಾಗಬೇಡಿ. ಗೆರೆಗಳು ಗಟ್ಟಿಯಾಗಿದ್ದರೆ ಕಪ್ಪು ನಳಿಗೆಗಳೂ ಚೆನ್ನಾಗಿ ಹಾರಿಸುತ್ತವೆ.

ಇನ್ನು ಹಾರಿಸುವ ವಿಷಯ. ಕೊಳವೆಯೊಳಗೆ ತೋಟಾಗಳು ಒಂದರ ಹಿಂದೊಂದು ಮಲಗುವುದರಿಂದ ಗುಂಡಿನ ಮೂತಿ ಮುಂದಿನ ತೋಟಾದ ಬುಡದಲ್ಲಿರುವ, ಬಡಿತಕ್ಕೆ ಹೊತ್ತಿಕೊಳ್ಳುವ ಪ್ರೈಮರ್‌ಗೆ ತಾಗಿಕೊಂಡಿರುತ್ತದೆ. ಆದ್ದರಿಂದ ಚಪ್ಪಟೆ ಮೂತಿಯ ಗುಂಡು, ಇಲ್ಲವೆ ಇಂಥ ಕೊಳವೆಗೆಂದೇ ಮೆತ್ತನೆಯ ತುದಿಯಿಟ್ಟು ಮಾಡಿದ ಗುಂಡು ಮಾತ್ರ ಬಳಸಿ. 150 ಗ್ರೇನ್ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,390 ಅಡಿ ವೇಗದಲ್ಲಿ ಹಾರಿಸುವ .30-30 ತೋಟಾ, 100 ಗಜದ ಗುರಿಗೆ ದುರ್ಬೀನಿಲ್ಲದೆ ಗುರಿ ಹಿಡಿಯುವ ಬರಿಗಣ್ಣಿನ ಸೈಟ್‌ಗಳಲ್ಲಿ ಧಾರಾಳವಾಗಿ ಸಾಲುತ್ತದೆ. ಮೊದಲ ಸಲ ಒಂದೊಂದೇ ತೋಟಾ ಹಾಕಿ ಹಾರಿಸಿ, ಹೊರಬಂದ ಖಾಲಿ ತೋಟಾವನ್ನು ಎತ್ತಿ ನೋಡಿ. ಪ್ರೈಮರ್ ಹೊರಕ್ಕೆ ಉಬ್ಬಿದ್ದರೆ, ಅಥವಾ ಬುಡದ ಹತ್ತಿರ ಹೊಳೆಯುವ ಉಂಗುರ ಮೂಡಿದ್ದರೆ ಹೆಡ್‌ಸ್ಪೇಸ್ ಹೆಚ್ಚಾಗಿದೆ ಎಂಬ ಶಂಕೆ ಬರಬೇಕು, ಹಾರಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಹಿಂಬದಿಯ ಸೈಟ್ ಕಣ್ಣಿಗೆ ಮಸುಕೆನಿಸಿದರೆ ದುರ್ಬೀನು ಕೂರಿಸಲು ರಿಸೀವರ್ ಕೊರೆಸಬೇಡಿ. ಹಳೆಯ 94ಗಳು ಖಾಲಿ ತೋಟಾವನ್ನು ಮೇಲಕ್ಕೇ ಎಸೆಯುತ್ತವೆ, ದುರ್ಬೀನು ಅದಕ್ಕೆ ಅಡ್ಡವಾಗುತ್ತದೆ. ಟ್ಯಾಂಗ್‌ನಲ್ಲೋ ರಿಸೀವರ್‌ನ ಎಡಬದಿಯಲ್ಲೋ ಕಾರ್ಖಾನೆಯೇ ಕೊರೆದು ಸ್ಕ್ರೂವಿನಿಂದ ಮುಚ್ಚಿದ ರಂಧ್ರಗಳಿದ್ದರೆ ಅವಕ್ಕೆ ಹೊಂದುವ, ಸಣ್ಣ ರಂಧ್ರದ ಮೂಲಕ ನೋಡುವ ಪೀಪ್ ಸೈಟ್ ಕೂರಿಸಿ, ಬೇಡವೆನಿಸಿದಾಗ ತೆಗೆದು ಹಳೆಯ ಸ್ಕ್ರೂಗಳನ್ನೇ ಮತ್ತೆ ಹಾಕಬಹುದು. ಗುಂಡು ಪಕ್ಕಕ್ಕೆ ಬೀಳುತ್ತಿದ್ದರೆ ಹಿಂಬದಿಯ ಸೈಟನ್ನು ಗುಂಡು ಹೋಗಬೇಕಾದ ದಿಕ್ಕಿಗೆ, ಮುಂಬದಿಯದನ್ನಾದರೆ ಅದರ ವಿರುದ್ಧ ದಿಕ್ಕಿಗೆ, ಹಿತ್ತಾಳೆಯ ಪಂಚ್ ಇಟ್ಟು ಮೆಲ್ಲಗೆ ತಟ್ಟಿ ಸರಿಸಿ.